ನಾಲ್ಕನೇ ಕೋಣೆಯ ಪೆಟ್ಟಿಗೆ

ಹಾಸನದ ಸಂತೆಪೇಟೆಯ ಶೀತಲಗೃಹದಲ್ಲಿ
ನಾಲ್ಕನೇ ಕೋಣೆಯ ಹೊರಗೆ,
ಮೊಳೆಗೆ ನೇತುಹಾಕಿದ ಉಣ್ಣೆ ಕೋಟುಗಳ ಪಕ್ಕ
ಕೂತಿದೆ ಒಂದು ಬೂದು ಪೆಟ್ಟಿಗೆ.
ಹಸಿರು ಅಕ್ಷರ.
ಮಾಡಿದ ಕಂಪನಿ ಮುಚ್ಚಿ ಇಪ್ಪತ್ತಾರು ವರ್ಷ.
ಅದರೊಳಗಿನ ಆಪರೇಟಿಂಗ್ ಸಿಸ್ಟಂ ಹೆಸರು ಹೇಳಿದರೆ
ಪಾಲಿಟೆಕ್ನಿಕ್ಕಿನ ಮೇಷ್ಟರುಗಳೂ
'ಇನ್ನೊಂದು ಸಲ ಹೇಳಿ' ಅನ್ನುತ್ತಾರೆ.

ತೆಗೆದು ಬಿಸಾಕಿ ಅಂದೆ.
ಚೆಲುವೇಗೌಡರು ಒಪ್ಪಲಿಲ್ಲ.
'ಕಂಪ್ರೆಸರು ಅದರ ಮಾತು ಬಿಟ್ಟು
ಇನ್ನೊಬ್ಬರ ಮಾತು ಕೇಳಲ್ಲ, ತೇಜಾವತಿ.'

ಹೊಸ ಪ್ರೋಗ್ರಾಂ ಬರೆದಿರುವುದೋ
ಈ ಪೆಟ್ಟಿಗೆ ಕೇಳಿಯೇ ಇರದ ಭಾಷೆಯಲ್ಲಿ.
ಮೊದಲು ದುಭಾಷಿಯನ್ನು ಕಟ್ಟಬೇಕು,
ಇಲ್ಲೇ, ಇದರ ಹಳೇ ಕಂಪೈಲರಿನ ಕೈಯಲ್ಲೇ.

ಕಾನ್ಫಿಗರ್ ಓಡಿಸಿದೆ.
ಜನಗಣತಿಗೆ ಬಂದ ಹೊಸ ಮೇಷ್ಟರ ಹಾಗೆ
ಹೊಸ್ತಿಲಲ್ಲೇ ನಿಂತು ಕೇಳಿತು:
ಯಾವೂರು? ಯಾರ ಪೈಕಿ?
ಅಲ್ಲಿಗೇ ಮುಗಿಯಿತು.
ಯಂತ್ರದ ಬಗೆ ಊಹೆಗೆ ಸಿಗಲಿಲ್ಲವಂತೆ.

ಹೊರಗೆ ಜಲಂಧರದ ಲಾರಿ.
ಬಿತ್ತನೆ ಆಲೂಗಡ್ಡೆಯ ಚೀಲ ಇಳಿಯುತ್ತಿದೆ.
ಬಲಕಾರ್ ಸಿಂಗ್ ಪಂಜಾಬಿಯಲ್ಲಿ ಬೈದದ್ದು
ದಸ್ತಗೀರ್ ಸಾಬರ ಬಾಯಿಗೆ ಹೊಕ್ಕು
ಹಮಾಲಿ ನಿಂಗಯ್ಯನ ಕಿವಿಗೆ ಬೀಳುವಾಗ
'ಸ್ವಲ್ಪ ನಿಧಾನಕ್ಕೆ ಇಳಿಸಪ್ಪ' ಆಗಿರುತ್ತದೆ.
ನಿಂಗಯ್ಯ ತಿರುಗಿ ಅಂದದ್ದು (ನಾನು ಬರೆಯಲಾರೆ)
'ಚಾ ಕುಡಿದು ಬನ್ನಿ ಸರದಾರ್‌ಜೀ' ಆಗಿರುತ್ತದೆ.
ಮೂವತ್ತು ಹಂಗಾಮು ಕಳೆದರೂ
ಈ ಅಂಗಳದಲ್ಲಿ ಯಾರೂ ಹೊಡೆದಾಡಿಲ್ಲ.

ಪೆಟ್ಟಿಗೆಯ ಕಷ್ಟ ಹೇಳಿದೆ. ಸಾಬರು ನಕ್ಕರು.
'ಮೊದಲ ಸಲ ಮಂಡಿಗೆ ಬಂದಾಗ
ನನ್ನನ್ನೂ ಯಾರು ಗುರುತು ಹಿಡಿದರಮ್ಮ?
ಅರಸೀಕೆರೆ ಕೊಬ್ಬರಿ ಖಾದರ್‌ಸಾಬರ ಅಳಿಯ ಅಂದೆ.
ಒಳಗೆ ಬಿಟ್ಟರು.'

ಹುಡುಕಿದೆ. ಸಿಕ್ಕಿತು ಒಂದು ದಾಯಾದಿ ಸಿಸ್ಟಂ,
ಅದೇ ಮನೆತನ, ಇನ್ನೂ ಉಸಿರಾಡುತ್ತಿದೆ ಎಲ್ಲೋ.
ಪಟ್ಟಿಯಲ್ಲಿ ಅದರ ಕೆಳಗೆ ಎರಡು ಸಾಲು ಸೇರಿಸಿದೆ:
ಇವನನ್ನೂ ಅವನಂತೆಯೇ ನೋಡತಕ್ಕದ್ದು.

ಮೇಷ್ಟರು ಚಪ್ಪಲಿ ಬಿಟ್ಟು ಒಳಗೆ ಬಂದರು.
ಕಂಪೈಲರ್ ಇದೆಯೇ? ಇದೆ.
ಪೂರ್ಣಾಂಕ ಎಷ್ಟು ಅಗಲ? ನಾಲ್ಕು.
ಸಂಖ್ಯೆಯಲ್ಲಿ ಮೊದಲು ತಲೆಯೋ ಬಾಲವೋ? ತಲೆ.
ಗಡಿಯಾರ ಇದೆಯೇ? ಇದೆ, ಸೆಕೆಂಡಿನ ಮುಳ್ಳಿಲ್ಲ.
ನೆಟ್‌ವರ್ಕ್? ಇಲ್ಲ.
ಥ್ರೆಡ್? ಇಲ್ಲ.
ಇಲ್ಲ, ಇಲ್ಲ, ಇಲ್ಲ, ಇದೆ, ಇಲ್ಲ.
ಬಡವರ ಮನೆಯ ಪಾತ್ರೆ ಎಣಿಸಿದ ಹಾಗೆ
ಪರದೆ ತುಂಬ ಇಲ್ಲಗಳು ಇಳಿದವು.
ಇಲ್ಲದ್ದನ್ನೆಲ್ಲ ಒಂದೊಂದಾಗಿ ಕೈಬಿಟ್ಟೆ,
ಇದ್ದಷ್ಟರಲ್ಲೇ ಕಟ್ಟು ಅಂದೆ.

ಎರಡು ಸಲ ಬಿತ್ತು.
ಮೂರನೇ ಸಲ ಬಿದ್ದದ್ದು ನನ್ನದೇ ಒಂದು ಅರ್ಧವಿರಾಮದಿಂದ.
ನಾಲ್ಕನೆಯದು ರಾತ್ರಿ ಎಂಟಕ್ಕೆ ಶುರುವಾಗಿ
ಕಡತಕ್ಕೊಂದು ಹಸಿರು ಸಾಲು ಹೆಣೆಯುತ್ತಾ
ಒಂದೂಕಾಲಿನವರೆಗೆ ನಡೆಯಿತು.
ಗೋಡೆಯಾಚೆ ಹನ್ನೊಂದು ಸಾವಿರ ಚೀಲ
ಕಣ್ಣು ಮೊಳೆಯದಂತೆ ಮಲಗಿದ್ದವು.
ನಾನೂ ಕುರ್ಚಿಯಲ್ಲೇ, ಯಾರದೋ ಕೋಟು ಹೊದ್ದು.

ಎದ್ದಾಗ ಪರದೆಯ ಮೂಲೆಯಲ್ಲಿ
ದುಭಾಷಿ ಕಾಯುತ್ತಾ ನಿಂತಿದ್ದ.
ಎರಡು ಮತ್ತು ಎರಡು ಅಂದೆ.
ನಾಲ್ಕು ಅಂದ.
ಯಾಕೋ ಇನ್ನೊಮ್ಮೆ ಕೇಳಿದೆ.

ಪರೀಕ್ಷೆಗಳು ನಾನೂರ ಹನ್ನೆರಡು, ಒಂದು ಬಿಟ್ಟು ಎಲ್ಲ ಪಾಸು.
ಋಣ ಸೊನ್ನೆಗೂ ಬರೀ ಸೊನ್ನೆಗೂ
ಈ ಪೆಟ್ಟಿಗೆ ಭೇದವೆಣಿಸುವುದಿಲ್ಲ.

ಬೆಳಗಿನ ನಮಾಜು ಮುಗಿಸಿ ಬಂದ ಸಾಬರು
ಕನ್ನಡಕ ಏರಿಸಿ, ನಾನು ಚೀಟಿಯಲ್ಲಿ ಬರೆದುಕೊಂಡದ್ದು ಓದಿದರು:
'ಋಣ ಸೊನ್ನೆ ಅಂದರೆ ಬಾಕಿ ಚುಕ್ತಾ ಅಂತ ತಾನೆ?
ಇದರಲ್ಲಿ ಫೇಲು ಮಾಡುವಂಥದ್ದೇನಿದೆ?'

ಎರಡೂ ಭಾಷೆ ಬಲ್ಲವಳು ನಾನು,
ಉತ್ತರ ಹೊಳೆಯಲಿಲ್ಲ.
ಪುಸ್ತಕದಲ್ಲಿ ಬರೆದಿಟ್ಟೆ: ಗೊತ್ತಿರುವ ದೋಷ, ಒಂದು.

ಆಮೇಲೆ ಕೋಟು ತೊಟ್ಟು ಒಳಗೆ ಹೋಗಿ
ಕಂಬಕ್ಕೆ ಕಟ್ಟಿದ ಪಾದರಸದ ಕೋಲು ನೋಡಿ ಬಂದೆ.
ಮೂರೂವರೆ.
ಪೆಟ್ಟಿಗೆಯೂ ಅದನ್ನೇ ಹೇಳುತ್ತಿತ್ತು,
ನಿನ್ನೆ ಕಲಿತ ಮಾತಿನಲ್ಲಿ,
ಸ್ವಲ್ಪ ತಡವರಿಸಿ.